ಭಾನುವಾರ ನಾಲ್ಕರ ಬಾಗಿಲು

ಮೊದಲ ಏಟು ತಮ್ಮನ ಭುಜಕ್ಕೆ ಬಿತ್ತು. ಎರಡನೆಯದು ಮೊಣಕೈಗೆ. ಅಣ್ಣ ಕಾರ್ಖಾನೆಯಲ್ಲಿ ಟರ್ನರ್; ಹಿಡಿದಿದ್ದು ಹದಿನೆಂಟನೇ ನಂಬರಿನ ಸ್ಪ್ಯಾನರ್. ಮೂವತ್ತು ವರ್ಷ ಲೇತ್ ಮೇಲೆ ಕಬ್ಬಿಣ ತಿರುವಿದ ಕೈ, ಗುರಿ ತಪ್ಪುವ ಕೈಯಲ್ಲ.

"ಪಾಸ್‌ವರ್ಡ್ ಹೇಳು."

"ಬೇಡ ಅಣ್ಣಾ."

"ಅಣ್ಣ ಅನ್ನಬೇಡ. ಉಂಡ ಮನೆ ಜಂತೆ ಎಣಿಸೋನ ಬಾಯಲ್ಲಿ ಆ ಮಾತು ಬೇಡ."

ಒಂದೇ ಮನೆ. ಮೇಲೆ ಅಣ್ಣ, ಕೆಳಗೆ ತಮ್ಮ. ಇಬ್ಬರಿಗೂ ಹ್ಯಾಮ್ ರೇಡಿಯೊ ಹುಚ್ಚು. ರೇಡಿಯೊವನ್ನು ಇಂಟರ್ನೆಟ್ಟಿಗೆ ಜೋಡಿಸಿ, ಹೊರಗಿದ್ದರೆ ಮೊಬೈಲಿನಿಂದಲೇ, ಕಡಲಾಚೆಯವರೊಡನೆ ಪಕ್ಕದ ಮನೆಯವರಂತೆ ಹರಟುವ ಹುಚ್ಚು. ಮೆಟ್ಟಿಲ ತಿರುವಿನಲ್ಲಿ ಇಬ್ಬರಿಗೂ ಸೇರಿ ಒಂದು ರೌಟರ್. ಅದೊಂದು ಒರಟು ಕಾವಲುಗಾರ. ಒಳಗಿನವರನ್ನು ಹೊರಗೆ ಬಿಡುತ್ತದೆ. ಹೊರಗಿನಿಂದ ಕರೆದವರು ಒಳಗೆ ಬರಬೇಕಾದರೆ 5198, 5199, 5200 ಎಂಬ ಮೂರು ಪೋರ್ಟುಗಳನ್ನು, ಅಂದರೆ ಬಾಗಿಲುಗಳನ್ನು, ತೆರೆದು, ಯಾವ ಕಂಪ್ಯೂಟರಿಗೆ ಕಳಿಸಬೇಕೆಂದು ಬರೆದಿಡಬೇಕು. ಒಂದೇ ಒಂದಕ್ಕೆ. ಇಬ್ಬರಿಗೆ ಹಂಚಲು ಬರುವುದಿಲ್ಲ. ಟರ್ನರ್‌ನ ಕಂಪ್ಯೂಟರು ಹನ್ನೆರಡನೇ ನಂಬರು, ತಮ್ಮನದು ಹದಿಮೂರು.

ಮೂರೂ ಹನ್ನೆರಡಕ್ಕೇ ಇರಬೇಕೆಂಬುದು ಮನೆಯ ಕಟ್ಟಳೆ. ಯಾಕೆಂದರೆ ಟರ್ನರ್‌ನ ಒಬ್ಬನೇ ಮಗ ಸರಕು ಹಡಗಿನಲ್ಲಿ ರೇಡಿಯೊ ಆಪರೇಟರು. ತಾಯಿಲ್ಲದ ಮಗು, ಅಪ್ಪನ ಹೆಗಲು ಚಿಕ್ಕಪ್ಪನ ತೊಡೆ ಎಂದು ಬೆಳೆದವನು. ಗಂಟಲೂ ಚಿಕ್ಕಪ್ಪನದೇ; ಅಜ್ಜಿ ಬದುಕಿರುವವರೆಗೂ ಫೋನಿನಲ್ಲಿ ದನಿ ಗುರುತು ತಪ್ಪಿ ಚಿಕ್ಕಪ್ಪನಿಗೆ ಬೈಯಬೇಕಾದ್ದನ್ನು ಮೊಮ್ಮಗನಿಗೆ ಬೈಯುತ್ತಿದ್ದಳು. ಪ್ರತಿ ಭಾನುವಾರ ನಾಲ್ಕಕ್ಕೆ ಮಗನ ಕರೆ. ಈಚೆಗೆ ಮಾತು ಕಡಿಮೆ. "ಹೂಂ ಅಪ್ಪಾ. ಮಾತ್ರೆ ತಗೊಂಡ್ಯಾ?" ಹಿಂದೆ ಹಾರನ್ನುಗಳ ಗದ್ದಲ. ಬಂದರು ಅಂದರೆ ಹಾಗೇ. ತಮ್ಮನನ್ನೂ ಕರೆದು ಕೂರಿಸಿಕೊಳ್ಳೋಣವೆಂದರೆ ಆ ಹೊತ್ತಿಗೆ ಅವನು ಗಾಡಿಗೆ ಗಾಳಿ ಹಾಕಿಸಲು ಹೋಗಿರುತ್ತಿದ್ದ.

ಟರ್ನರ್ ಹೃದಯದ ಆಪರೇಷನ್ನಿಗೆ ಎದೆ ಕೊಯ್ಯಿಸಿಕೊಂಡು ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಗಿತ್ತು. ಅಂದಿನಿಂದ ಬೇರೆ ಯಾರ ಕರೆಯೂ ಇಲ್ಲ. ದಿನ ತಪ್ಪದೆ ತಲೆ ತಿನ್ನುತ್ತಿದ್ದ ರೇಡಿಯೊ ಗೆಳೆಯ, ಕಡಲಾಚೆಯ ದೀಪಸ್ತಂಭದ ಕಾವಲುಗಾರನದೂ ಇಲ್ಲ. ಈ ಶನಿವಾರ ಮಧ್ಯಾಹ್ನ ಅನುಮಾನ ಬಂದು ರೌಟರ್‌ನ ಪುಟ ತೆರೆದ. ಪೋರ್ಟುಗಳು ಹದಿಮೂರಕ್ಕೆ ತಿರುಗಿದ್ದವು. ಕೆಳಗೆ ಬದಲಾವಣೆಗಳ ದಾಖಲೆ: ಪ್ರತಿ ಭಾನುವಾರ ಮೂರೂ ಮುಕ್ಕಾಲು ಗಂಟೆಗೆ ಹನ್ನೆರಡನೇ ನಂಬರಿಗೆ ಬದಲು. ಸಂಜೆ ಐದು ಗಂಟೆಗೆ ಮತ್ತೆ ಹದಿಮೂರು. ಬರೀ ನೋಡಲು ಪಾಸ್‌ವರ್ಡ್ ಬೇಕಿರಲಿಲ್ಲ; ತಿದ್ದಲು ಹೋದರೆ ಹಳೆಯದು ನಡೆಯಲಿಲ್ಲ.

ವಾರವೆಲ್ಲ ತಾನುಂಡು, ಭಾನುವಾರ ಅಣ್ಣನಿಗೆ ಎಂಜಲು. ಸ್ಪ್ಯಾನರ್ ಹಿಡಿದು ಇಳಿದಿದ್ದು ಆಗ.

"ದೀಪಸ್ತಂಭದೋನ ಕರೇನೂ ನುಂಗಿದೀಯ. ಏನ್ ಹೇಳ್ದ ಅವನು?"

"ಎಲ್ಲಾರೂ ಒಂದೇ ಮಾತು ಹೇಳ್ತಾರೆ ಅಣ್ಣಾ."

ಸ್ಪ್ಯಾನರ್ ಮೂಗಿಗೆ ಬಿತ್ತು. ಕೀಬೋರ್ಡಿನ ಮೇಲೆ ರಕ್ತ ತೊಟ್ಟಿಕ್ಕಿತು. ತಮ್ಮ ಹತ್ತು ವರ್ಷ ಚಿಕ್ಕವನು, ಗಟ್ಟಿಮುಟ್ಟಾದವನು. ಒಮ್ಮೆ ತಳ್ಳಿದ್ದರೆ ಅಣ್ಣ ಗೋಡೆ ಸೇರುತ್ತಿದ್ದ. ತಳ್ಳಲಿಲ್ಲ. ಕಂಪ್ಯೂಟರನ್ನು ಮಗುವಿನಂತೆ ಅವುಚಿಕೊಂಡು ಬೆನ್ನು ಕೊಟ್ಟ. ಒದ್ದೆ ಕೈಯಲ್ಲೇ ಓಡಿಬಂದ ತಮ್ಮನ ಹೆಂಡತಿ ನೆರೆಯವರನ್ನು ಕೂಗಲಿಲ್ಲ.

"ಭಾವಾ, ನಿಮ್ಮ ಎದೆ! ಹೊಲಿಗೆ ಬಿಚ್ಚುತ್ತೆ! ಕೂತ್ಕೊಂಡಾದ್ರೂ ಹೊಡೀರಿ!"

"ಒಂದಿನ ನನ್ ಮಗ ಬುಧವಾರ ಕರೀತಾನೆ ಕಣೋ!" ಟರ್ನರ್ ಅರಚಿದ. "ಹಡಗಿಗೆ ಏನೋ ಆಗಿ ಕರೀತಾನೆ! ಬಾಗಿಲು ಹಾಕಿದ್ರೆ ಯಾರ ಹತ್ರ ಹೋಗ್ಬೇಕೋ ಅವನು?"

ಏಟಿಗೆ ಅಳದಿದ್ದ ತಮ್ಮ ಆ ಮಾತಿಗೆ ಬಿಕ್ಕಿಬಿಕ್ಕಿ ಅತ್ತುಬಿಟ್ಟ. ಕಳ್ಳನ ಮನಸ್ಸು ಹುಳ್ಳಗೆ, ಅಂದುಕೊಂಡ ಟರ್ನರ್.

ತಮ್ಮನ ಎಡಗೈ ಎಳೆದು ಮೇಜಿಗೆ ಒತ್ತಿದ. ಒಂದು ಬೆರಳು ಮುರಿಯಿತು. ಇನ್ನೊಂದು. ಮೂರನೆಯದಕ್ಕೆ ಸ್ಪ್ಯಾನರ್ ಎತ್ತಿದಾಗ ತಮ್ಮ ಪಾಸ್‌ವರ್ಡ್ ಹೇಳಿದ. ಅದು ಮಗನ ಮುದ್ದು ಹೆಸರು.

"ನನ್ ಮಗನ ಹೆಸರಲ್ಲೇ ನಂಗೆ ಬೀಗ ಹಾಕಿದ್ಯಾ!"

ಕೊನೆಯ ಏಟು ದವಡೆಗೆ. ಒಣ ಸೌದೆ ಸೀಳಿದ ಸದ್ದಾಯಿತು.

ಟರ್ನರ್ ಮೇಲೆ ಹೋಗಿ ಮೂರೂ ಪೋರ್ಟುಗಳನ್ನು ಹನ್ನೆರಡಕ್ಕೆ ತಿರುಗಿಸಿದ. ಹೊಸ ಪಾಸ್‌ವರ್ಡ್ ಹಾಕಿದ. ಕೆಳಗೆ ಆಂಬುಲೆನ್ಸ್ ಬಂತು, ಹೋಯಿತು. ಅವನು ಕಿಟಕಿಗೂ ಬರಲಿಲ್ಲ.

ಭಾನುವಾರ ಗಡ್ಡ ಬೋಳಿಸಿ ಒಗೆದ ಅಂಗಿ ತೊಟ್ಟು ಕೂತ. ಎದೆಯ ಹೊಲಿಗೆ ಚುಳುಚುಳು ಎನ್ನುತ್ತಿತ್ತು. ಮೂರೂವರೆ. ಮೂರೂ ಮುಕ್ಕಾಲು. ಯಾರೂ ಏನೂ ತಿರುಗಿಸದೆಯೇ ಬಾಗಿಲು ತೆರೆದೇ ಇತ್ತು. ನಾಲ್ಕು ಹೊಡೆಯಿತು. ನಾಲ್ಕೂ ಹತ್ತಕ್ಕೆ ತೆರೆಯ ಮೇಲೆ ಮಗನ ಕರೆಗುರುತು ಮೂಡಿತು.

ಟರ್ನರ್ ಗುಂಡಿ ಒತ್ತಿದ. "ಮಗಾ! ಇನ್ಮೇಲೆ ಯಾವ ದಿನ ಬೇಕಾದ್ರೂ ಕರಿಯಪ್ಪಾ. ನಿನ್ ಚಿಕ್ಕಪ್ಪನ ಆಟ ಮುಗೀತು."

ಗುಂಡಿ ಬಿಟ್ಟು ಕಿವಿಗೊಟ್ಟ. ಇಂದು ಹಾರನ್ನುಗಳಿರಲಿಲ್ಲ. ಎಲ್ಲೋ ಒಂದು ತಳ್ಳುಗಾಡಿಯ ಚಕ್ರ ಕಿರುಗುಟ್ಟಿತು. ಆಮೇಲೆ, ಬಿಗಿದ ಹಲ್ಲುಗಳ ಸಂದಿಯಿಂದ ದನಿ ಒಸರಿತು: "ಹ್ಞೂಂ... ಅ... ಪ್ಪಾ... ಮಾ... ತ್ರೆ..."

ಅದರ ಬೆನ್ನಿಗೇ ತಮ್ಮನ ಹೆಂಡತಿಯ ಅಳು ಕೇಳಿಸಿತು: "ಆ ಗುಂಡಿ ಬಿಡ್ರೀ, ಸಾಕು! ದವಡೆಗೆ ತಂತಿ ಬಿಗಿದಿದಾರೆ... ಹಡಗಿನ ಜೊತೆ ಮುಳುಗಿಹೋದ ಮಗೂಗೆ ಇನ್ನೆಷ್ಟು ಭಾನುವಾರ ನಿಮ್ಮ ಗಂಟಲು ಕೊಡ್ತೀರಾ?"