ಬಿಳುಚಿಕೊಂಡ ಉಂಗುರ

ವೀಳ್ಯದೆಲೆ ಹಿಸುಕಿದ ವಾಸನೆ ಬಂದರೆ ಈಗಲೂ ನನ್ನ ಕೈ ತಲೆಗೆ ಹೋಗುತ್ತದೆ.

ಆಗ ನನಗೆ ಎಂಟು ವರ್ಷ, ತಲೆ ತುಂಬ ಹೇನು. ಅಜ್ಜಿ ಹೇಳಿಕೊಟ್ಟಂತೆ ಅವ್ವ ಅಂಗೈಗೆ ವೀಳ್ಯದೆಲೆಯ ರಸ ಹಿಂಡಿ, ಅದರ ಮೇಲೆ ಒಂದು ತೊಟ್ಟು ಪಾದರಸ ಬಿಟ್ಟಳು. ನೀರಿನ ಹಾಗೆ ಓಡಾಡುತ್ತಿದ್ದರೂ ಅದು ಕೈ ಒದ್ದೆ ಮಾಡುತ್ತಿರಲಿಲ್ಲ. ಹೆಬ್ಬೆರಳಲ್ಲಿ ತಿಕ್ಕಿ ತಿಕ್ಕಿ ಬೂದಿಬಣ್ಣಕ್ಕೆ ತಂದು ನನ್ನ ತಲೆಗೆ ಹಚ್ಚಿದಳು. ಕೈ ತೊಳೆದು ನೋಡಿದರೆ ಮದುವೆಯ ಉಂಗುರ ತವರದ ಹಾಗೆ ಬಿಳುಚಿಕೊಂಡಿತ್ತು. ಸೆರಗಿನಲ್ಲಿ ಎಷ್ಟು ಉಜ್ಜಿದರೂ ಹಳದಿ ಬರಲಿಲ್ಲ.

"ಅದು ಚಿನ್ನ ತಿಂದ್ಬುಡ್ತೈತೆ ಕಣೇ. ಉಂಗುರ ಬಿಚ್ಚಿಡು ಅನ್ನಾದು ಮರ್ತೇಬುಟ್ಟೆ," ಅಂದಳು ಅಜ್ಜಿ. ಅವ್ವ ಅತ್ತಿದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

ಮಧ್ಯಾಹ್ನದ ಬಸ್ಸಿಗೇ ಶೆಟ್ಟಿಕೆರೆಯಿಂದ ತಿಪಟೂರಿಗೆ ಹೋದೆವು. ಅಲ್ಲಿ ಅಜ್ಜಿಗೆ ಗೊತ್ತಿದ್ದ ಮುದುಕ ಅಕ್ಕಸಾಲಿಯೊಬ್ಬರು ಉಂಗುರವನ್ನು ಕರಟದ ಕೆಂಡದ ಮೇಲಿಟ್ಟು ಕೊಳವೆಯಲ್ಲಿ ಊದಿದರು. ನಾನು ಬಾಯಿ ತೆರೆದುಕೊಂಡು ಬಗ್ಗಿದೆ.

"ದೂರ ಕೂತ್ಕೊಳವ್ವ. ಪಾದರಸದ ಆವಿ ಮಕ್ಳಿಗೆ ಆಗ್ಬರಲ್ಲ."

"ನಿಮಗೆ ಆಗ್ತದಾ ತಾತ?"

"ನಂಗೆ ಒಗ್ಗೋಗೈತೆ ಬುಡು. ಹುಡುಗನಾಗಿದ್ದಾಗಿಂದ ಇದೇ ಅಲ್ವಾ."

ಬಿಳುಪು ಅಂಚಿನಿಂದ ಮೆಲ್ಲಗೆ ಹಾರಿಹೋಯಿತು. ಅದರಡಿಯಿಂದ ಚಿನ್ನ, ಎಲ್ಲೂ ಹೋಗೇ ಇರಲಿಲ್ಲ ಅನ್ನುವ ಹಾಗೆ, ಹಳದಿಯಾಗಿ ಎದ್ದು ಬಂತು. ಅವರು ಅಂಟುವಾಳದ ನೊರೆಯಲ್ಲಿ ಉಂಗುರ ತೊಳೆದು ಅವ್ವನತ್ತ ಚಾಚಿದರು.

ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ, ಉಂಗುರ ತೆಗೆದುಕೊಳ್ಳಲು ಅವ್ವ ಮೊದಲು ಅವರ ಮಣಿಕಟ್ಟು ಹಿಡಿದುಕೊಳ್ಳಬೇಕಾಯಿತು.