ಶಾಲ್ಮಲಿಯ ಸೀಟು

ರಾತ್ರಿ ಎರಡಕ್ಕೆ ರೇಡಿಯೊ ಮೆಲ್ಲಗೆ ಟಿಕ್ ಎಂದಿತು. ಅನ್ನಪೂರ್ಣಾ ಪೆನ್ನು ಹಿಡಿದಳು. ಮುಂದಿನ ವರ್ಷದ ಹಾಡುಗಳು ಈ ಹೊತ್ತಿನಲ್ಲಷ್ಟೇ ಕೇಳಿಸುತ್ತವೆ. ಇಂದು ಅವಳ ಪಾಳಿ. ಹಾಡುವುದು ಧಾರವಾಡದ 'ಕಾರಂಜಿ' ತಂಡ, ಮೂವತ್ತು ವರ್ಷದಿಂದ. ಅದರ ಅಭಿಮಾನಿ ಸಂಘದ ನಿಯಮ ಒಂದೇ: ಕೇಳಿಸಿದ್ದನ್ನು ಒಂದಕ್ಷರವೂ ಬಿಡದೆ ವಹಿಯಲ್ಲಿ ಬರೆಯಬೇಕು. ಕೇಳಿಸಿದ್ದು ನಡೆಯದಂತೆ ತಪ್ಪಿಸಲು ಹೋದವರಿದ್ದಾರೆ. ಮರುವರ್ಷ ಒಂದಕ್ಷರವೂ ಬದಲಾಗಿರಲಿಲ್ಲ.

ರೇಡಿಯೊದಲ್ಲಿ ಗಾಯಕ ಗಂಟಲು ಸರಿಮಾಡಿಕೊಂಡ. "ಈ ಹಾಡು, ಹೋದ ಶ್ರಾವಣದಾಗ ತೀರಿಕೊಂಡ ನಮ್ಮ ಅಭಿಮಾನಿ ಶಾಲ್ಮಲಿ ಹಂಚಿನಮನಿ ಅವರ ನೆನಪಿಗೆ."

ಶ್ರಾವಣಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಅನ್ನಪೂರ್ಣಾ ಒಂದು ಸಾಲು ಬಿಟ್ಟು ಹಾಡನ್ನಷ್ಟೇ ಬರೆದಳು. ಅದು ಮುಗಿಯುತ್ತಲೇ ಫೋನ್ ಬಂತು. ಸಂಘದ ಗೆಳತಿ ಶಾಲ್ಮಲಿಯದೇ.

"ಅಕ್ಕಾ, ಬಂತೇನು? ಈ ಸಲಾನೂ ಬರೇ ಬೆಳದಿಂಗಳೇನು? ತಂಡದವ್ರು ಮುದುಕರಾದ್ರೂ ಚಂದ್ರನ್ನ ಬಿಡವಲ್ರು!"

"ಇಲ್ಲ. ಹೋದವರ ಮ್ಯಾಲಿನ ಹಾಡು."

"ಅಯ್ಯ, ಅಳಸ್ತಾರ ಹಂಗಾರ! ಮುಂದಿನ ವರ್ಷ ಹಾಡು ಬಿಡುಗಡೆ ದಿನ ನನಗೂ ಮುಂದಿನ ಸಾಲಿನಾಗ ಸೀಟು ಹಿಡಿ."

"ಹಿಡಿತೀನಿ. ಶಾಲ್ಮಲಿ... ನೀ ಒಮ್ಮೆ ಡಾಕ್ಟರಿಗೆ ತೋರಸು."

"ನನಗೇನಾಗೇದ? ಗುಂಡುಕಲ್ಲಿನಂಗ ಇದ್ದೀನಿ!" ಶಾಲ್ಮಲಿ ನಕ್ಕು ಫೋನಿಟ್ಟಳು.

ವಹಿಯಲ್ಲಿ ಹಾಡಿನ ಮೇಲೆ, ಗಾಯಕನ ಮಾತು ಬರೆಯಬೇಕಿದ್ದ ಸಾಲು ಖಾಲಿ ಉಳಿದಿತ್ತು. ಅನ್ನಪೂರ್ಣಾ ಬಹಳ ಹೊತ್ತು ಅದನ್ನೇ ನೋಡಿದಳು. ನಾಳೆ ಸಂಘದವರು ಕೇಳಿದರೆ, ಮೊದಲಿಗೆ ಬರೀ ಗರಗರ ಸದ್ದಿತ್ತು ಎಂದರಾಯಿತು. ಯಾರಿಗೂ ಹೇಳುವುದು ಬೇಡ ಎಂದುಕೊಂಡು ವಹಿ ಮುಚ್ಚಿದಳು.