ಹತ್ತು ಚೀಟಿಗಳು

ಹುಡುಗಿಯ ಕೈ ಮೂರನೇ ಸಲವೂ ಚೀಟಿಯವರೆಗೆ ಹೋಗಿ, ಹೆಜ್ಜೆಸಪ್ಪಳ ಕೇಳಿದ್ದೇ ಜಡೆ ಸರಿಮಾಡಿಕೊಂಡಿತು. ಹಾಸ್ಟೆಲ್ ಮೆಟ್ಟಿಲ ಬಳಿಯ ಪೋಸ್ಟರಿನಲ್ಲಿ ‘ಲೈಂಗಿಕ ದೌರ್ಜನ್ಯವೇ? ನಮಗೆ ಹೇಳಿ’ ಎಂದಿತ್ತು. ಅದರಡಿ ಹರಿದುಕೊಳ್ಳಲೆಂದೇ ಫೋನ್ ನಂಬರಿನ ಹತ್ತು ಚೀಟಿಗಳು. ಎದುರಿಗೇ ಊಟದ ಹಾಲ್. ಹರಿದವಳು ಯಾರೆಂಬುದು ಸಂಜೆಯೊಳಗೆ ನೂರು ಬಾಯಿಗೆ ಬೀಳುತ್ತಿತ್ತು. ಹದಿನೈದು ದಿನವಾದರೂ ಹತ್ತೂ ಹಾಗೇ ಇದ್ದವು.

ನೆಲ ಒರೆಸುತ್ತಿದ್ದ ಆಯಾ ಕೋಲನ್ನು ಗೋಡೆಗೊರಗಿಸಿ ಬಂದು, ಅಲ್ಲೊಂದು ಇಲ್ಲೊಂದರಂತೆ ಮೂರು ಚೀಟಿ ಹರಿದಳು.

“ನೋಡಮ್ಮ, ನಿನಗಿಂತ ಮುಂಚೆನೇ ಮೂರು ಜನ ತಗೊಂಡಾಯ್ತು.”

ಹುಡುಗಿ ಸರಕ್ಕನೆ ಒಂದನ್ನು ಹರಿದು, ಮುಷ್ಟಿ ಬಿಗಿದು ಮೆಟ್ಟಿಲೇರಿದಳು.

ಆಯಾ ಎರಡು ಚೀಟಿಗಳನ್ನು ಕಸಕ್ಕೆ ಹಾಕಿದಳು. ಮೂರನೆಯದು ಕೈಯಲ್ಲೇ ಉಳಿಯಿತು. ಊಟದ ಹಾಲಿನ ಕಡೆ ಒಮ್ಮೆ ನೋಡಿ, ಜಡೆ ಸರಿಮಾಡಿಕೊಂಡು, ಅದನ್ನು ತನ್ನ ಫೋನಿನ ಕವರಿನೊಳಗೆ ತುರುಕಿದಳು.